“ರಿಕ್ ಆ್ಯಂಡ್ ಮಾರ್ಟಿ” ಮಕ್ಕಳಿಗೆ ತೋರಿಸಬಹುದೇ? ಹದಿಹರೆಯದವರ ಪೋಷಕರಿಗೆ ಹಂತ ಹಂತದ ಮಾರ್ಗದರ್ಶಿ

“ಮಗ ಒಂಬತ್ತನೇ ಕ್ಲಾಸು. ಕ್ಲಾಸಿನವರೆಲ್ಲ ನೋಡಿದ್ದಾರಂತೆ. ಕಾರ್ಟೂನೇ ತಾನೇ, ಬಿಡಬಹುದಾ?” ಹೀಗೆ ಕೇಳುವ ಪೋಷಕರು ಬಹಳ ಮಂದಿ. ಹೆಚ್ಚಿನ ಸಲ ಅವರ ಮನಸ್ಸಿನಲ್ಲಿರುವುದು ಅಮೆರಿಕದ “ರಿಕ್ ಆ್ಯಂಡ್ ಮಾರ್ಟಿ” ಸರಣಿ. ಆದ್ದರಿಂದ ಅದನ್ನೇ ಇಟ್ಟುಕೊಂಡು ಹೇಳುತ್ತೇವೆ. ವಯಸ್ಕರ ಹಾಸ್ಯವಿರುವ ಬೇರೆ ಅನಿಮೇಷನ್ ಸರಣಿಗಳಿಗೂ ಇದೇ ದಾರಿ ನಡೆಯುತ್ತದೆ.

ಉತ್ತರ ಮೊದಲೇ ಹೇಳಿಬಿಡೋಣ. 14 ತುಂಬದವರಿಗೆ ಬೇಡ. 14–15ರವರಿಗೆ ಆಯ್ದ ಕೆಲವು ಎಪಿಸೋಡುಗಳು ಮಾತ್ರ, ಅದೂ ಪಕ್ಕದಲ್ಲಿ ದೊಡ್ಡವರೊಬ್ಬರು ಕೂತಿದ್ದಾಗ. 16 ಆದವರಿಗೆ, ಅವರ ಸ್ವಭಾವ ನೋಡಿಕೊಂಡು, ನಾಲ್ಕೈದು ಎಪಿಸೋಡು ಬಿಟ್ಟು ಉಳಿದದ್ದು ತೋರಿಸಬಹುದು. ಯಾವ ತಡೆಯೂ ಇಲ್ಲದೆ ಇಡೀ ಸರಣಿ ನೋಡುವುದು 17–18ರ ನಂತರದ ಮಾತು. ಇದು ನಮ್ಮ ಅಂದಾಜು. ನಿಮ್ಮ ಮಗುವಿಗೆ ಇದು ಹಿಂದೆ ಮುಂದೆ ಆಗಬಹುದು. ಹಾಗಾಗಿ ನೀವೇ ನಿರ್ಧರಿಸುವ ವಿಧಾನ ಮುಂದಿದೆ. ಕಥೆಯ ಗುಟ್ಟುಗಳು ಅಲ್ಲಲ್ಲಿ ಬಯಲಾಗುತ್ತವೆ, ಬೇರೆ ದಾರಿಯಿಲ್ಲ.

ಏನಿದು ಸರಣಿ?

ರಿಕ್ ಸುಮಾರು 70ರ ವಿಜ್ಞಾನಿ, ಮಹಾ ಕುಡುಕ. ಮಾರ್ಟಿ ಅವನ ಮಗಳ ಮಗ, ವಯಸ್ಸು 14. ತಾತ ಮೊಮ್ಮಗನನ್ನು ಎಳೆದುಕೊಂಡು ಬೇರೆ ಬೇರೆ ಗ್ರಹಗಳಿಗೆ, ಸಮಾನಾಂತರ ವಿಶ್ವಗಳಿಗೆ ಹೋಗುತ್ತಾನೆ. ಮನೆಯಲ್ಲಿ 17ರ ಅಕ್ಕ ಸಮ್ಮರ್, ಸದಾ ಜಗಳದಲ್ಲಿರುವ ಅಪ್ಪ ಜೆರ್ರಿ ಮತ್ತು ಅಮ್ಮ ಬೆತ್. ಜಸ್ಟಿನ್ ರೋಯ್ಲೆಂಡ್ ಮತ್ತು ಡ್ಯಾನ್ ಹಾರ್ಮನ್ ರೂಪಿಸಿದ ಇದು 2013ರ ಡಿಸೆಂಬರ್ 2ರಂದು ಅಮೆರಿಕದ ಅಡಲ್ಟ್ ಸ್ವಿಮ್‌ನಲ್ಲಿ ಶುರುವಾಯಿತು. ಒಂದೊಂದು ಎಪಿಸೋಡು ಸುಮಾರು 22 ನಿಮಿಷ. ಮೊದಲ ಸೀಸನ್‌ನಲ್ಲಿ 11, ನಂತರದವುಗಳಲ್ಲಿ ಹತ್ತತ್ತು. ಒಳ್ಳೆಯ ಅನಿಮೇಷನ್ ಕಾರ್ಯಕ್ರಮಕ್ಕೆ ಕೊಡುವ ಎಮ್ಮಿ ಪ್ರಶಸ್ತಿ ಇದಕ್ಕೆ 2018 ಮತ್ತು 2020ರಲ್ಲಿ ಬಂದಿದೆ. ಅಂದರೆ ಸರಣಿ ಕಳಪೆಯಲ್ಲ. ವಿಜ್ಞಾನ ಇಷ್ಟಪಡುವ ಮಕ್ಕಳು ಇದಕ್ಕೆ ಮರುಳಾಗುವುದು ಸಹಜ.

ಪೋಷಕರು ಮೋಸಹೋಗುವ ಜಾಗಗಳು ಇಲ್ಲೇ ಎರಡಿವೆ. ಅಡಲ್ಟ್ ಸ್ವಿಮ್ ಎಂಬುದು ಕಾರ್ಟೂನ್ ನೆಟ್‌ವರ್ಕ್ ಚಾನೆಲ್‌ನ ರಾತ್ರಿಯ ಹೊತ್ತಿನ ವಯಸ್ಕರ ಭಾಗ, 2001ರಿಂದ ಇದೆ. “ಕಾರ್ಟೂನ್ ನೆಟ್‌ವರ್ಕ್‌ದೇ ಅಲ್ವಾ” ಎಂದು ನೆಮ್ಮದಿಪಟ್ಟರೆ ತಪ್ಪಿದಿರಿ. ಇನ್ನೊಂದು, ನಾಯಕನಿಗೆ 14 ವರ್ಷ ಎಂದ ಮಾತ್ರಕ್ಕೆ ಸರಣಿ 14ರವರಿಗಾಗಿ ಎಂದಲ್ಲ.

ಮೊದಲು ಇವಿಷ್ಟು ಸಿದ್ಧ ಮಾಡಿಕೊಳ್ಳಿ: ಎರಡು ಗಂಟೆ ಬಿಡುವು, ಒಟಿಟಿ ಖಾತೆಯ ಪಾಸ್‌ವರ್ಡ್ (ಮಕ್ಕಳೇ ಸೆಟ್ ಮಾಡಿ ಇಟ್ಟಿದ್ದರೆ ಇಂದೇ ಬದಲಿಸಿ), ಒಂದು ಹಾಳೆ, ಪೆನ್ನು.

ಹಂತ 1: ರೇಟಿಂಗ್ ಓದಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಅಮೆರಿಕದ ಟಿವಿ ರೇಟಿಂಗ್ ಪದ್ಧತಿ 1997ರದ್ದು. ನಿಮಗೆ ಬೇಕಾದವು ಮೂರು. ಟಿವಿ-ಪಿಜಿ ಎಂದರೆ ಚಿಕ್ಕ ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕು. ಟಿವಿ-14 ಎಂದರೆ 14ರ ಒಳಗಿನವರಿಗೆ ಸರಿಹೊಂದದ ಅಂಶಗಳಿವೆ. ಟಿವಿ-ಎಂಎ ಎಂದರೆ ವಯಸ್ಕರಿಗೆ, 17ರ ಒಳಗಿನವರಿಗೆ ಸೂಕ್ತವಾಗದಿರಬಹುದು. ಜೊತೆಗೆ ಅಕ್ಷರಗಳಿರುತ್ತವೆ: ಡಿ ಎಂದರೆ ದ್ವಂದ್ವಾರ್ಥದ ಮಾತು, ಎಲ್ ಎಂದರೆ ಬೈಗುಳ, ಎಸ್ ಎಂದರೆ ಲೈಂಗಿಕ ಸನ್ನಿವೇಶ, ವಿ ಎಂದರೆ ಹಿಂಸೆ. ಅಮೆರಿಕದಲ್ಲಿರುವ ಕನ್ನಡಿಗರು ಟಿವಿಯಲ್ಲಿ ನೋಡುವಾಗ ಈ ಗುರುತು ಕಾರ್ಯಕ್ರಮದ ಶುರುವಿನಲ್ಲಿ ಸುಮಾರು 15 ಸೆಕೆಂಡು ಮೂಲೆಯಲ್ಲಿ ಕಾಣುತ್ತದೆ. ರಿಕ್ ಆ್ಯಂಡ್ ಮಾರ್ಟಿಯ ಕೆಲವು ಹಳೆಯ ಎಪಿಸೋಡುಗಳು ಟಿವಿ-14 ಗುರುತಿನಲ್ಲಿ ಪ್ರಸಾರವಾಗಿದ್ದವು. ಒಟ್ಟಾರೆ ಸರಣಿಯನ್ನು ಟಿವಿ-ಎಂಎ ಎಂದೇ ತಿಳಿಯಿರಿ.

ಭಾರತದಲ್ಲಿ ಒಟಿಟಿಗೆ 2021ರ ಐಟಿ ನಿಯಮಗಳು ಅನ್ವಯ. ಅದರ ಪ್ರಕಾರ ವರ್ಗಗಳು ಐದು: ಯು, ಯು/ಎ 7+, ಯು/ಎ 13+, ಯು/ಎ 16+ ಮತ್ತು ಎ. ಯು/ಎ 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಪೋಷಕರ ಲಾಕ್ ಸೌಲಭ್ಯ ಕೊಡಬೇಕು, ‘ಎ’ ವರ್ಗಕ್ಕೆ ವಯಸ್ಸು ಖಚಿತಪಡಿಸಿಕೊಳ್ಳುವ ವ್ಯವಸ್ಥೆಯೂ ಇರಬೇಕು. ಗಮನಿಸಿ, ಈ ವರ್ಗೀಕರಣ ಮಾಡುವುದು ಸೆನ್ಸಾರ್ ಮಂಡಳಿಯಲ್ಲ, ಒಟಿಟಿ ಕಂಪನಿಯೇ. ಸಿನಿಮಾ ಸರ್ಟಿಫಿಕೇಟಿನಷ್ಟು ನಂಬಿಕೆ ಇಡುವ ಮುನ್ನ ಇದು ನೆನಪಿರಲಿ.

ರೇಟಿಂಗಿನ ದೊಡ್ಡ ಕೊರತೆ ಬೇರೆಯೇ ಇದೆ. ಒಟಿಟಿಯಲ್ಲಿ ಅದು ಸಾಮಾನ್ಯವಾಗಿ ಇಡೀ ಸರಣಿಗೆ ಒಂದೇ ಗುರುತು ಅಂಟಿಸುತ್ತದೆ. ಈ ಸರಣಿಯಲ್ಲಿ ಒಂದು ಎಪಿಸೋಡಿಗೂ ಇನ್ನೊಂದಕ್ಕೂ ಅಜಗಜಾಂತರ.

ಹಂತ 2: ನೀವೇ ನಾಲ್ಕು ಎಪಿಸೋಡು ನೋಡಿ

ಯೂಟ್ಯೂಬಿನಲ್ಲಿ ಎರಡು ತುಣುಕು ನೋಡಿ ತೀರ್ಮಾನಿಸಬೇಡಿ. ತುಣುಕುಗಳಲ್ಲಿ ನಗು ಮಾತ್ರ ಉಳಿದು, ಹಿಂದಿನ ಮುಂದಿನ ಭಾರ ಹೋಗಿರುತ್ತದೆ. ಅಲ್ಲದೆ ಅಮೆರಿಕದ ಟಿವಿ ಪ್ರಸಾರದಲ್ಲಿ ಕೆಟ್ಟ ಬೈಗುಳಗಳಿಗೆ ಬೀಪ್ ಹಾಕುತ್ತಾರೆ, ಒಟಿಟಿ ಮತ್ತು ಡಿಸ್ಕ್‌ನಲ್ಲಿ ಬೀಪ್ ಇಲ್ಲದ ಆವೃತ್ತಿ ಸಿಗುತ್ತದೆ. ಸಂಬಂಧಿಕರೊಬ್ಬರು ಅಲ್ಲಿ ಟಿವಿಯಲ್ಲಿ ನೋಡಿ “ಅಂಥದ್ದೇನಿಲ್ಲ” ಎಂದಿದ್ದರೆ, ಅವರು ನೋಡಿದ್ದು ನಿಮ್ಮ ಮನೆಯಲ್ಲಿ ಬರುವುದಲ್ಲ.

ಇವು ನಾಲ್ಕನ್ನು ನೋಡಿ, ಒಟ್ಟು ಒಂದೂವರೆ ಗಂಟೆ:

ಸೀಸನ್ 1, ಎಪಿಸೋಡು 1. ಸರಣಿಯ ಧಾಟಿ ಇಲ್ಲೇ ತಿಳಿಯುತ್ತದೆ. ಕುಡಿದ ತಾತ ಮಧ್ಯರಾತ್ರಿ ಮೊಮ್ಮಗನನ್ನು ಎಬ್ಬಿಸಿ ಹಾರುವ ವಾಹನದಲ್ಲಿ ಕರೆದೊಯ್ಯುತ್ತಾನೆ, ಭೂಮಿಯನ್ನೇ ಉಡಾಯಿಸುವ ಮಾತಾಡುತ್ತಾನೆ. ಬೀಜ ಕಳ್ಳಸಾಗಣೆಗೆ ಹುಡುಗನ ದೇಹವನ್ನೇ ಬಳಸುತ್ತಾನೆ.

ಸೀಸನ್ 1, ಎಪಿಸೋಡು 5. ಮುಕ್ಕಾಲು ಪಾಲು ನಗು. ನಡುವೆ, ಹೋಟೆಲಿನ ಟಾಯ್ಲೆಟ್‌ನಲ್ಲಿ ಒಬ್ಬ ಮಾರ್ಟಿಯ ಮೇಲೆ ಲೈಂಗಿಕ ದೌರ್ಜನ್ಯಕ್ಕೆ ಯತ್ನಿಸುತ್ತಾನೆ. ಯಾವ ಮುನ್ಸೂಚನೆಯೂ ಇಲ್ಲದೆ ಬರುವ ದೃಶ್ಯ ಇದು. ಸರಣಿ ಅದನ್ನು ತಮಾಷೆ ಮಾಡುವುದಿಲ್ಲ. ಹುಡುಗನ ಮುಖ ನೋಡಿಯೇ ತಾತನಿಗೆ ಅರ್ಥವಾಗುತ್ತದೆ, ಆ ದುಷ್ಟನಿಗೆ ಶಿಕ್ಷೆಯೂ ಆಗುತ್ತದೆ. ಆದರೂ ಅಂಥ ಅನುಭವ ಆದ ಮಗುವಿಗೆ ಇದು ಗಾಯ ಕೆದಕಬಹುದು.

ಸೀಸನ್ 1, ಎಪಿಸೋಡು 6. ಸಹಪಾಠಿ ಹುಡುಗಿ ತನ್ನನ್ನು ಪ್ರೀತಿಸುವಂತೆ ಮಾಡುವ ಔಷಧಿ ಕೇಳುತ್ತಾನೆ ಮಾರ್ಟಿ. ಜಗತ್ತೇ ಹಾಳಾಗುತ್ತದೆ. ಕೊನೆಯಲ್ಲಿ ಅವರಿಬ್ಬರೂ ಬೇರೊಂದು ವಿಶ್ವಕ್ಕೆ ಹೋಗಿ, ಅಲ್ಲಿ ಸತ್ತ ತಮ್ಮದೇ ಹೆಣಗಳನ್ನು ಹಿತ್ತಿಲಲ್ಲಿ ಹೂಳುತ್ತಾರೆ. ಇಡೀ ಸರಣಿಯ ಅತ್ಯುತ್ತಮ ಎಪಿಸೋಡುಗಳಲ್ಲಿ ಇದೊಂದು. ಸೂಕ್ಷ್ಮ ಮನಸ್ಸಿನ ಮಗುವಿಗೆ ಅಷ್ಟೇ ಭಾರ.

ಸೀಸನ್ 2, ಎಪಿಸೋಡು 3. ಲೈಂಗಿಕ ಹಾಸ್ಯ ಮತ್ತು ಮಾದಕ ವಸ್ತು ತುಂಬಿದೆ. ಕೊನೆಯ ಎರಡು ನಿಮಿಷದಲ್ಲಿ ರಿಕ್ ಒಂಟಿಯಾಗಿ ಕೂತು ಆತ್ಮಹತ್ಯೆಗೆ ಯತ್ನಿಸುತ್ತಾನೆ.

ಮಾತು ಬಲು ವೇಗ, ರಿಕ್ ನಡುನಡುವೆ ತೇಗುತ್ತಾನೆ ಬೇರೆ. ಇಂಗ್ಲಿಷ್ ಚೆನ್ನಾಗಿ ಬಲ್ಲವರಿಗೂ ಅರ್ಧ ತಪ್ಪಿಹೋಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ. ನೆಟ್‌ಫ್ಲಿಕ್ಸ್‌ನಂಥ ಆ್ಯಪ್‌ಗಳಲ್ಲಿ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ನೋಡಿದರೆ ವೇಗವನ್ನು 0.75ಕ್ಕೆ ಇಳಿಸಬಹುದು. ಮಕ್ಕಳಿಗೆ ಅರ್ಥವಾಗಿ ನಿಮಗೆ ಆಗದೇ ಇದ್ದ ಜೋಕೇ ಮುಂದೆ ತೊಂದರೆ ಕೊಡುವುದು.

ಹಂತ 3: ನೋಡುವಾಗ ಗುರುತು ಹಾಕಿಕೊಳ್ಳಿ

ಹಾಳೆಯಲ್ಲಿ ಆರು ಕಲಂ ಎಳೆಯಿರಿ: ಬೈಗುಳ, ಲೈಂಗಿಕತೆ, ರಕ್ತಪಾತ, ಕುಡಿತ ಮತ್ತು ಮಾದಕ ವಸ್ತು, ಆತ್ಮಹತ್ಯೆ ಅಥವಾ ಸ್ವಹಾನಿ, ಕೊನೆಯದು ‘ಮಾಡಿದ್ದಕ್ಕೆ ಬೆಲೆ ತೆತ್ತರೇ?’

ಹೆಚ್ಚಿನ ಪೋಷಕರು ಮೊದಲ ಕಲಂ ತುಂಬಿಸಿ ಗಾಬರಿಯಾಗಿ ಟಿವಿ ಆರಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಆರರಲ್ಲಿ ಅತಿ ಕಡಿಮೆ ಮುಖ್ಯವಾದದ್ದು. ಆ ಬೈಗುಳಗಳನ್ನು ಒಂಬತ್ತನೇ ಕ್ಲಾಸಿನವರು ಸ್ಕೂಲ್ ವ್ಯಾನಿನಲ್ಲೇ ಕೇಳಿರುತ್ತಾರೆ. ಈ ಸರಣಿಯ ನಿಜವಾದ ತೂಕ ಕೊನೆಯ ಎರಡು ಕಲಂಗಳಲ್ಲಿದೆ.

ರಿಕ್ ವಿಶ್ವದಲ್ಲೇ ಬುದ್ಧಿವಂತ. ಯಾರಿಗೂ ಜಗ್ಗುವುದಿಲ್ಲ, ಎಲ್ಲರನ್ನೂ ಹೀಯಾಳಿಸುತ್ತಾನೆ, ಯಾವುದಕ್ಕೂ ಅರ್ಥವಿಲ್ಲ ಎನ್ನುತ್ತಾನೆ, ಹೆಚ್ಚಿನ ಸಲ ಗೆಲ್ಲುತ್ತಾನೆ. ದೊಡ್ಡವರು ನೋಡಿದರೆ ಅವನೊಳಗಿನ ಹತಾಶೆ ಕಾಣುತ್ತದೆ. ಬರೆದವರ ಉದ್ದೇಶವೂ ಅದೇ. 14ರ ಹುಡುಗನಿಗೆ ಕಾಣುವುದು ಬುದ್ಧಿವಂತನಾದರೆ ಒರಟಾಗಿರಬಹುದು ಎನ್ನುವ ಪರವಾನಗಿ. ಆದ್ದರಿಂದ ಆರನೇ ಕಲಂನಲ್ಲಿ ಪ್ರತಿ ಎಪಿಸೋಡಿಗೂ ಬರೆಯಿರಿ: ಕ್ರೂರವಾಗಿ ನಡೆದುಕೊಂಡವನಿಗೆ ಕೊನೆಗೆ ಏನಾಯಿತು? ಬೆಲೆ ತೆತ್ತಿದ್ದು ಕಂಡರೆ ಅದು ಮಾತಾಡಲು ಒದಗುವ ಎಪಿಸೋಡು. ನಕ್ಕು ಮುಂದೆ ಹೋಗಿದ್ದರೆ ಪಕ್ಕಕ್ಕಿಡುವಂಥದ್ದು.

ಹಂತ 4: ವಯಸ್ಸಿನ ಜೊತೆ ಮಗುವನ್ನೂ ನೋಡಿ

ಒಂದೇ ಮನೆಯ ಇಬ್ಬರು ಮಕ್ಕಳಿಗೆ ಉತ್ತರ ಬೇರೆಯಾಗಬಹುದು. ಇವುಗಳಲ್ಲಿ ಯಾವುದಾದರೂ ಇದ್ದರೆ ಇನ್ನೊಂದು ವರ್ಷ ಮುಂದಕ್ಕೆ ಹಾಕಿ: ನೋಡಿದ್ದು ರಾತ್ರಿ ಕಾಡುತ್ತದೆ, ನಿದ್ದೆ ಕೆಡುತ್ತದೆ. ಪಾತ್ರದ ಧಾಟಿಯನ್ನು ಮನೆಯವರ ಮೇಲೆ, ತಂಗಿ ತಮ್ಮಂದಿರ ಮೇಲೆ ಪ್ರಯೋಗಿಸುತ್ತಾರೆ. ಮನೆಯಲ್ಲಿ ಕುಡಿತದ ಸಮಸ್ಯೆ ಇದೆ, ಅಥವಾ ಅಪ್ಪ ಅಮ್ಮ ಬೇರೆಯಾಗುವ ಹಂತದಲ್ಲಿದ್ದಾರೆ (ಬೆತ್ ಮತ್ತು ಜೆರ್ರಿಯ ಜಗಳ, ವಿಚ್ಛೇದನ ಮೂರನೇ ಸೀಸನ್‌ನ ಉದ್ದಕ್ಕೂ ಇದೆ). ಇತ್ತೀಚೆಗೆ ಹತ್ತಿರದವರು ತೀರಿಕೊಂಡಿದ್ದಾರೆ.

ಮಗು ಈಗಾಗಲೇ ಮಂಕಾಗಿದ್ದರೆ, “ಬದುಕಿ ಏನು ಪ್ರಯೋಜನ” ಎಂಬಂಥ ಮಾತು ಬಂದಿದ್ದರೆ ಈ ಸರಣಿ ಈಗ ಬೇಡ. ಅದು ಟಿವಿಯ ವಿಷಯವೇ ಅಲ್ಲ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಇದರ ಹಿಂದಿರುವ ಮುಖ್ಯ ಸಂಸ್ಥೆ. ತಕ್ಷಣದ ಅಪಾಯ ಕಂಡರೆ ಕರೆಗಾಗಿ ಕಾಯದೆ ಹತ್ತಿರದ ಆಸ್ಪತ್ರೆಗೆ ಹೋಗಿ.

ಹಂತ 5: ಎಪಿಸೋಡುಗಳ ಪಟ್ಟಿ ಮಾಡಿ

ಪ್ರತಿ ಎಪಿಸೋಡೂ ಬಹುಮಟ್ಟಿಗೆ ಸ್ವತಂತ್ರ ಕಥೆ. ಹಾಗಾಗಿ ಮೊದಲಿನಿಂದಲೇ ನೋಡಬೇಕೆಂಬ ಮಕ್ಕಳ ವಾದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ.

14–15ರವರ ಜೊತೆ ಕೂತು ನೋಡಲು ಶುರುವಿಗೆ ನಾವು ಹೇಳುವುದು ಇವು. ಸೀಸನ್ 2ರ ನಾಲ್ಕನೆಯದು: ಸುಳ್ಳು ನೆನಪುಗಳನ್ನು ಹುಟ್ಟಿಸುವ ಪರಾವಲಂಬಿ ಜೀವಿಗಳು ಮನೆಗೆ ನುಗ್ಗುವ ಕಥೆ. ಗುಂಡಿನ ದಾಳಿ, ರಕ್ತ ಇದೆ, ಲೈಂಗಿಕ ವಿಷಯ ಕಡಿಮೆ. ಅದೇ ಸೀಸನ್‌ನ ಆರನೆಯದು: ಕಾರಿನ ಬ್ಯಾಟರಿಯೊಳಗೊಂದು ಪುಟ್ಟ ವಿಶ್ವ, ಅಲ್ಲಿನವರು ದುಡಿದು ಕಾರಿಗೆ ವಿದ್ಯುತ್ ಕೊಡುತ್ತಾರೆ. ಶೋಷಣೆಯ ಬಗ್ಗೆ ಇದಕ್ಕಿಂತ ಚೂಪಾದ 22 ನಿಮಿಷ ಸಿಗುವುದು ಕಷ್ಟ. ಸಮ್ಮರ್‌ಳನ್ನು ಕಾಯುವ ಕಾರಿನ ಕ್ರೌರ್ಯ ಮಾತ್ರ ಜಾಸ್ತಿ. ಸೀಸನ್ 3ರ ಮೂರನೆಯದು: ಕೌನ್ಸೆಲಿಂಗ್ ತಪ್ಪಿಸಿಕೊಳ್ಳಲು ರಿಕ್ ಸೌತೆಕಾಯಿ ಉಪ್ಪಿನಕಾಯಿಯಾಗಿ ಬದಲಾಗುತ್ತಾನೆ. ಇಲಿಗಳ ಜೊತೆಗಿನ ಹೊಡೆದಾಟ ಹಸಿಹಸಿಯಾಗಿದೆ, ಸಮ್ಮರ್ ರಾಸಾಯನಿಕ ಮೂಸುವ ಚಟದ ಪ್ರಸ್ತಾಪ ಬರುತ್ತದೆ. ಆದರೆ ಕೌನ್ಸೆಲರ್ ರಿಕ್‌ನ ಎದುರು ಆಡುವ ಮಾತಿಗಾಗಿಯೇ ಇದನ್ನು ತೋರಿಸಬಹುದು. ಬುದ್ಧಿವಂತಿಕೆಯನ್ನು ನೆಪ ಮಾಡಿಕೊಂಡು ಸಂಬಂಧಗಳ ಕೆಲಸದಿಂದ ತಪ್ಪಿಸಿಕೊಳ್ಳುತ್ತಿದ್ದೀಯ ಎಂದು ಆಕೆ ನೇರವಾಗಿ ಹೇಳುತ್ತಾಳೆ. ಸೀಸನ್ 4ರ ಎಂಟನೆಯದು: ತಪ್ಪು ಮಾಡಿ ಹಿಂದಕ್ಕೆ ಹೋಗಬಹುದಾದ ಬಟನ್ ಮಾರ್ಟಿಗೆ ಸಿಗುತ್ತದೆ. ಸಾವು ಬೇಕಾದಷ್ಟಿದೆ, ಮಾಡಿದ್ದಕ್ಕೆ ಬೆಲೆಯೂ ಇದೆ.

16ರವರಿಗೂ ಸದ್ಯ ತೋರಿಸದೆ ಬಿಡಬೇಕಾದವು: ಸೀಸನ್ 1ರ ಏಳು (ಲೈಂಗಿಕ ರೋಬೋಟ್ ಸುತ್ತ ಕಥೆ), ಸೀಸನ್ 2ರ ಮೂರು, ಸೀಸನ್ 3ರ ಎಂಟು (ಆತ್ಮಹತ್ಯೆಯನ್ನೇ ಹಾಸ್ಯದ ಸರಕು ಮಾಡಿಕೊಂಡಿದೆ, ಬೆಲೆ ತೆರುವುದೂ ಇಲ್ಲ), ಸೀಸನ್ 5ರ ನಾಲ್ಕು. ಕೊನೆಯದು ವೀರ್ಯಾಣು, ಕುಟುಂಬದೊಳಗಿನ ಲೈಂಗಿಕತೆಯ ಅಸಹ್ಯ ಹಾಸ್ಯ. ಸರಣಿಯ ಅಭಿಮಾನಿಗಳೇ ಮೂಗು ಮುರಿದದ್ದು, ಬಿಟ್ಟರೆ ನಷ್ಟವಿಲ್ಲ. ಸೀಸನ್ 1ರ ಐದನೆಯದನ್ನು ಬೇಕಾದರೆ 16ರ ಮೇಲೆ ಜೊತೆಯಲ್ಲಿ ನೋಡಿ, ಆ ದೃಶ್ಯ ಬರುತ್ತದೆಂದು ಮೊದಲೇ ಹೇಳಿ.

ಹಂತ 6: ಲಾಕ್ ಹಾಕಿ

ಎಪಿಸೋಡಿಗೊಂದು ಲಾಕ್ ಎನ್ನುವ ಸೌಲಭ್ಯವನ್ನು ನಂಬಿ ಕೂರಬೇಡಿ. ಕೆಲಸ ಮಾಡುವ ಉಪಾಯ ಬೇರೆ: ಮಗುವಿನ ಪ್ರೊಫೈಲಿನಲ್ಲಿ ಇಡೀ ಸರಣಿಯನ್ನು ತಡೆಯಿರಿ, ಆಯ್ದ ಎಪಿಸೋಡುಗಳನ್ನು ನಿಮ್ಮ ಪ್ರೊಫೈಲಿನಿಂದ ಒಟ್ಟಿಗೆ ನೋಡಿ. ಯಾವ ಸರಣಿ ಯಾವ ಆ್ಯಪ್‌ನಲ್ಲಿದೆ ಎನ್ನುವುದು ದೇಶ, ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಇಲ್ಲಿ ನೆಟ್‌ಫ್ಲಿಕ್ಸ್ ಉದಾಹರಣೆ.

1. ಬ್ರೌಸರಿನಲ್ಲಿ ಖಾತೆಯ ಪುಟ ತೆರೆದು ಮಗುವಿನ ಪ್ರೊಫೈಲ್ ಆರಿಸಿ.
2. ವ್ಯೂಯಿಂಗ್ ರಿಸ್ಟ್ರಿಕ್ಷನ್ಸ್ ಒಳಗೆ ವಯೋಮಿತಿ ನಿಗದಿ ಮಾಡಿ. ಅಲ್ಲೇ ಸರಣಿಯ ಹೆಸರು ಟೈಪ್ ಮಾಡಿ ತಡೆಯುವ ಜಾಗವೂ ಇದೆ.
3. ನಿಮ್ಮ ಪ್ರೊಫೈಲಿಗೆ ನಾಲ್ಕು ಅಂಕಿಯ ಪಿನ್ ಹಾಕಿ. ಹೊಸ ಪ್ರೊಫೈಲ್ ಸೇರಿಸಲೂ ಪಿನ್ ಕೇಳಬೇಕೆಂಬ ಆಯ್ಕೆಯನ್ನು ಗುರುತಿಸಿ. ಇದನ್ನು ಮರೆತರೆ ಮಗು ಒಂದು ನಿಮಿಷದಲ್ಲಿ ಹೊಸ ಪ್ರೊಫೈಲ್ ಮಾಡಿಕೊಂಡು ನೋಡುತ್ತದೆ.
4. ನಿಮ್ಮ ಪ್ರೊಫೈಲಿನಲ್ಲಿ ಮುಂದಿನ ಎಪಿಸೋಡು ತಾನಾಗಿ ಓಡುವ ಆಟೋಪ್ಲೇ ಆಫ್ ಮಾಡಿ. ಇಲ್ಲದಿದ್ದರೆ ನೀವು ಕುಕ್ಕರ್ ಇಳಿಸಲು ಎದ್ದು ಹೋದಾಗ ಪಟ್ಟಿಯಲ್ಲಿಲ್ಲದ್ದು ಶುರುವಾಗಿರುತ್ತದೆ.
5. ಬದಲಾವಣೆ ಟಿವಿಯಲ್ಲಿ ಕಾಣದಿದ್ದರೆ ಅಲ್ಲಿ ಸೈನ್ ಔಟ್ ಮಾಡಿ ಮತ್ತೆ ಸೈನ್ ಇನ್ ಆಗಿ.

ಲಾಕ್ ಸೋಲುವ ಕಾರಣಗಳು ಎಲ್ಲ ಮನೆಯಲ್ಲೂ ಒಂದೇ. ಪಿನ್ ಎಂದರೆ ಹುಟ್ಟಿದ ವರ್ಷ. ಖಾತೆಯ ಪಾಸ್‌ವರ್ಡ್ ಎಲ್ಲರೂ ಬಳಸುವ ಲ್ಯಾಪ್‌ಟಾಪಿನಲ್ಲಿ ಸೇವ್ ಆಗಿದೆ, ಹಾಗಾಗಿ ಯಾರು ಬೇಕಾದರೂ ಪಿನ್ ಬದಲಿಸಬಹುದು. ಅಜ್ಜಿಯ ಧಾರಾವಾಹಿಗೆಂದು ಮಾಡಿದ ಪ್ರೊಫೈಲಿಗೆ ಯಾವ ಮಿತಿಯೂ ಇಲ್ಲ. ಪ್ರೈಮ್ ವಿಡಿಯೊದಲ್ಲಾದರೆ ಮಿತಿ ಯಾವ ಯಾವ ಸಾಧನಕ್ಕೆ ಅನ್ವಯಿಸಬೇಕೆಂದು ಗುರುತಿಸಬೇಕು. ಫೋನಿಗೆ ಹಾಕಿ ಟಿವಿಯನ್ನು ಬಿಟ್ಟಿರುತ್ತಾರೆ.

ಲಾಕ್ ಹಾಕಿದ್ದನ್ನು ಗುಟ್ಟಾಗಿಡಬೇಡಿ. “ಇದನ್ನ ಈಗ ಒಬ್ಬನೇ ನೋಡೋದು ಬೇಡ, ಭಾನುವಾರ ಒಟ್ಟಿಗೆ ನೋಡೋಣ” ಎಂದು ಹೇಳಿಯೇ ಹಾಕಿ. ಗುಟ್ಟಾಗಿ ಹಾಕಿದ ಲಾಕ್ ಗೆಳೆಯನ ಫೋನಿಗೆ ದಾರಿ ತೋರಿಸುತ್ತದೆ.

ಹಂತ 7: ಒಟ್ಟಿಗೆ ನೋಡಿ

ಒಂದು ಸಲಕ್ಕೆ ಒಂದೇ ಎಪಿಸೋಡು. ಹಾಲ್‌ನಲ್ಲಿ ಹಿರಿಯರು, ಪುಟ್ಟ ಮಕ್ಕಳು ಇಲ್ಲದ ಹೊತ್ತು ಆರಿಸಿ, ಇಲ್ಲದಿದ್ದರೆ ಎಲ್ಲರಿಗೂ ಮುಜುಗರ. ಮುಜುಗರದ ದೃಶ್ಯ ಬಂದಾಗ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುವುದು ನಮ್ಮ ಅಪ್ಪಂದಿರ ಹಳೆಯ ಅಭ್ಯಾಸ. ಅದಕ್ಕಿಂತ “ಇದು ಸ್ವಲ್ಪ ಅತಿಯಾಯ್ತು” ಎಂದು ಒಂದು ಮಾತು ಆಡಿ ಕೂತಿರಿ.

ನಡುವೆ ನಿಲ್ಲಿಸಿ ನೀತಿಪಾಠ ಬೇಡ. ಮುಗಿದ ಮೇಲೆ ಒಂದು ಪ್ರಶ್ನೆ ಸಾಕು, ಅದೂ ಎಪಿಸೋಡಿಗೆ ತಕ್ಕದ್ದು. ಪ್ರೇಮದ ಔಷಧಿಯ ಎಪಿಸೋಡನ್ನು 16ರವರಿಗೆ ತೋರಿಸಿದರೆ: “ಆ ಹುಡುಗೀನ ಯಾರಾದ್ರೂ ಕೇಳಿದ್ರಾ?” ಒಪ್ಪಿಗೆಯ ಬಗ್ಗೆ ಮಾತಾಡಲು ಇದಕ್ಕಿಂತ ಸುಲಭದ ಬಾಗಿಲಿಲ್ಲ, ಏಕೆಂದರೆ ಆ ಹುಡುಗಿಗೆ ತಿಳಿಯದಂತೆ ಔಷಧಿ ಕೊಡಲು ಹೊರಟಿದ್ದೆ ಎಂದು ಮಾರ್ಟಿಯನ್ನು ರಿಕ್ ಕೂಡ ಚುಚ್ಚುತ್ತಾನೆ. ಉಪ್ಪಿನಕಾಯಿ ಎಪಿಸೋಡಿಗೆ: “ಡಾಕ್ಟರ್ ಹೇಳಿದ್ದು ಸರಿನಾ, ರಿಕ್ ಹೇಳಿದ್ದು ಸರಿನಾ?” ಮಗು ರಿಕ್ ಪರ ವಾದಿಸಿದರೆ ಕೇಳಿಸಿಕೊಳ್ಳಿ. “ಮತ್ತೆ ಅಷ್ಟು ಬುದ್ಧಿವಂತ ಯಾಕೆ ಇಷ್ಟು ಕುಡೀತಾನೆ?” ಎಂದು ಕೇಳಿ ಬಿಟ್ಟುಬಿಡಿ. ಉತ್ತರ ಅಂದೇ ಬರಬೇಕಿಲ್ಲ.

ನಾಲ್ಕು ಎಪಿಸೋಡು ಆದ ಮೇಲೆ ಎರಡು ವಾರ ಬಿಟ್ಟು ನೋಡಿ. ನಿದ್ದೆ, ಮಾತಿನ ಧಾಟಿ, ತಂಗಿಯ ಜೊತೆಗಿನ ವರ್ತನೆ ಮೊದಲಿನಂತೆಯೇ ಇದ್ದರೆ ಪಟ್ಟಿ ಬೆಳೆಸಿ. ರಿಕ್‌ನ ತೇಗು ಅನುಕರಿಸಿದರೆ ಚಿಂತೆಯಿಲ್ಲ. ರಿಕ್‌ನ ತಿರಸ್ಕಾರ ಮನೆಯೊಳಗೆ ಬಂದರೆ ನಿಲ್ಲಿಸಿ, ಕಾರಣ ಹೇಳಿ.

ಹಂತ 8: ಸರಣಿಯ ಹೊರಗಿನದ್ದನ್ನೂ ಗಮನಿಸಿ

ಲಾಕ್ ಒಟಿಟಿಗೆ ಮಾತ್ರ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ, ರೀಲ್ಸ್‌ನಲ್ಲಿ ಇದೇ ಸರಣಿಯ ತುಣುಕುಗಳು ತುಂಬಿವೆ, ಹೆಚ್ಚಿನವು ರಿಕ್ ಯಾರನ್ನೋ ಅವಮಾನಿಸುವ ದೃಶ್ಯಗಳೇ. ಯೂಟ್ಯೂಬಿನ ರಿಸ್ಟ್ರಿಕ್ಟೆಡ್ ಮೋಡ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಅದನ್ನು ಒಂದೊಂದು ಬ್ರೌಸರಿಗೂ ಸಾಧನಕ್ಕೂ ಬೇರೆ ಬೇರೆಯಾಗಿ ಹಾಕಬೇಕು. ಅಭಿಮಾನಿಗಳು ಬರೆದ ಚಿತ್ರಗಳು ಇನ್ನೂ ಅಪಾಯ, ಮೂಲದಲ್ಲಿಲ್ಲದ ಅಶ್ಲೀಲತೆ ಅಲ್ಲಿ ಸಿಗುತ್ತದೆ. ಮಗುವಿನ ಫೋನಿನಲ್ಲಿ ಗೂಗಲ್ ಸೇಫ್‌ಸರ್ಚ್ ಆನ್ ಮಾಡಿ.

ಬೇಡ ಎಂದು ತೀರ್ಮಾನಿಸಿದರೆ

ಬದಲಿಗೆ ಏನಾದರೂ ಕೊಡಿ. 11–13ರವರಿಗೆ “ಗ್ರ್ಯಾವಿಟಿ ಫಾಲ್ಸ್” ಇದೆ, ಡಿಸ್ನಿಯದು, 2012ರಿಂದ 2016ರವರೆಗೆ ಬಂದ ಎರಡೇ ಸೀಸನ್, ಏಳು ವರ್ಷ ಮೇಲ್ಪಟ್ಟವರಿಗೆ ಎಂಬ ರೇಟಿಂಗ್. ವಿಚಿತ್ರ ಲೋಕ, ಒಗಟು, ತಾತನಂಥ ಒಬ್ಬ ಮುದುಕ, ಎಲ್ಲವೂ ಇದೆ. 14ರ ಹೊತ್ತಿಗೆ 1999ರಲ್ಲಿ ಶುರುವಾದ “ಫ್ಯೂಚರಾಮಾ”ದ ಹಳೆಯ ಸೀಸನ್‌ಗಳು ವಿಜ್ಞಾನದ ಹಾಸ್ಯಕ್ಕೆ ಒಗ್ಗುತ್ತವೆ, ದ್ವಂದ್ವಾರ್ಥ ಅಲ್ಲಲ್ಲಿ ಇದೆ. “ಸಿಂಪ್ಸನ್ಸ್” ಹೆಚ್ಚಾಗಿ ಟಿವಿ-ಪಿಜಿ.

ಬದಲಿ ಎಂದು ಎಡವಬಾರದ ಎರಡು ಹೆಸರು: “ಬಿಗ್ ಮೌತ್” ಪ್ರೌಢಾವಸ್ಥೆಗೆ ಕಾಲಿಡುತ್ತಿರುವ ಶಾಲಾ ಮಕ್ಕಳ ಕಥೆ, ಲೈಂಗಿಕ ಶಿಕ್ಷಣಕ್ಕೆ ಒಳ್ಳೆಯದಿರಬಹುದೆಂದು ಹಾಕಿಕೊಡುವವರಿದ್ದಾರೆ, ಅದರ ರೇಟಿಂಗ್ ಟಿವಿ-ಎಂಎ. “ಬೋಜಾಕ್ ಹಾರ್ಸ್‌ಮನ್” ಪೋಸ್ಟರಿನಲ್ಲಿ ಮಾತಾಡುವ ಕುದುರೆ ಇದೆ. ಒಳಗಿರುವುದು ಕುಡಿತ, ಖಿನ್ನತೆ ಮತ್ತು ಮೂರನೇ ಸೀಸನ್‌ನ ಹನ್ನೊಂದನೇ ಎಪಿಸೋಡಿನಲ್ಲಿ ಮಾದಕ ವಸ್ತುವಿನಿಂದ ಸಾಯುವ ಒಬ್ಬ ಮಾಜಿ ಬಾಲನಟಿ. ಅದನ್ನು 17ರ ಮೇಲೆ ಇಡಿ.